ಸೀಟಿನ ಮೇಲೆ ದ್ರಾಕ್ಷಿ

ನನ್ನ ಸ್ಪೋರ್ಟಿ ಸೆಡಾನ್ ಓಡುವುದರಲ್ಲಿ ಚಿರತೆ, ಕುಲುಕುವುದರಲ್ಲಿ ಎತ್ತಿನ ಗಾಡಿ ಎಂದು ಮನೆಯವರೆಲ್ಲ ನಗುತ್ತಿದ್ದರು. ಹಟ ಹಿಡಿದು ಚಿಕ್ಕೋಡಿಯ ಗ್ಯಾರೇಜಿನಲ್ಲಿ ಗಡುಸು ಸ್ಪ್ರಿಂಗ್ ತೆಗೆಸಿ ಮೆತ್ತನೆಯವನ್ನು ಹಾಕಿಸಿದೆ. ಟೈರನ್ನೂ ದಪ್ಪನೆಯದಕ್ಕೆ ಬದಲಿಸಿದೆ.

ಇವತ್ತು ಐಗಳಿಯಲ್ಲಿ ಅಜ್ಜಿಯೊಬ್ಬಳು ದ್ರಾಕ್ಷಿ ಬಾಕ್ಸ್ ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಅಥಣಿಯಲ್ಲಿರುವ ಮಗಳಿಗೆ ಸ್ವಂತ ತೋಟದ ಹಣ್ಣಂತೆ. ಹತ್ತಿಸಿಕೊಂಡೆ.

"ಆಯಿ, ಬಾಕ್ಸ್ ಸೀಟಿನ ಮ್ಯಾಲ ಇಡ್ರಿ."

"ಬ್ಯಾಡಪಾ, ಈ ರಸ್ತ್ಯಾಗ ಎಲ್ಲಾ ಉದುರಿ ಹೋಗ್ತಾವು," ಎಂದು ತೊಡೆಯ ಮೇಲೇ ಅವುಚಿಕೊಂಡು ಕೂತಳು.

ದಾರಿಯುದ್ದಕ್ಕೂ ಗುಂಡಿಗಳು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಿಯಲ್ಲಿ ನೋಡುತ್ತೇನೆ: ಬಾಕ್ಸ್ ಸೀಟಿನ ಮೇಲಿದೆ, ಅಜ್ಜಿ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ.

ಅಥಣಿ ಬಸ್ ಸ್ಟ್ಯಾಂಡ್ ಬಂತು. ಎಬ್ಬಿಸಲು ಮನಸ್ಸಾಗಲಿಲ್ಲ. ಎದೆಯುಬ್ಬಿಸಿಕೊಂಡು ಊರಿಗೆ ಒಂದು ಸುತ್ತು ಹಾಕಿದೆ.