ದೊಡ್ಡವ್ವನ ಮುದ್ದೆ ಕೋಲು, ಹನೋಯ್‌ನ ಬಾಡಿಗೆ ಮನೆ

ಫ್ರೆಂಡ್ಸ್, ಇವತ್ತು ನಮ್ಮೂರು ಕಿರುಗಾವಲಿನಲ್ಲಿ ಮುದ್ದೆ ತೊಳಸುತ್ತಾ ಕೂತಿದ್ದ ದೊಡ್ಡವ್ವ ಮುಖಕ್ಕೆ ಹೊಡೆದ ಹಾಗೆ ಅಂದರು: "ಎಲ್ರೂ ಸಂಪಾದ್ಸಕ್ಕೆ ಫಾರಿನ್ನಿಗೆ ಓಯ್ತಾರೆ. ಬೆಂಗ್ಳೂರು ಬಾಡ್ಗೆ ಕಟ್ಟಕ್ಕಾಗ್ದೆ ಫಾರಿನ್ನಿಗೆ ಓಯ್ತಿರೋಳು ನೀನೊಬ್ಳೇ ಕಣಮ್ಮಿ!"

ನಿಜವೇ. ನಾನು ಕಂಪ್ಯೂಟರಿನಲ್ಲಿ ಸೀರೆ ಡಿಸೈನ್ ಬಿಡಿಸುವವಳು, ಎಲ್ಲಿ ಕೂತರೂ ಕೆಲಸ ನಡೆಯುತ್ತದೆ. ವಿಯೆಟ್ನಾಮಿನ ಹನೋಯ್‌ನಲ್ಲಿ ಬೆಂಗಳೂರಿಗಿಂತ ಕಡಿಮೆ ಬಾಡಿಗೆಗೆ ಬಿಸಿಲು ಬೀಳುವ ಮನೆಯೊಂದು ಸಿಕ್ಕಿದೆ.

ಅಷ್ಟರಲ್ಲಿ ಆ ಮನೆಯ ಓನರಮ್ಮನೇ ಅಡುಗೆಮನೆ ತೋರಿಸಲು ವಿಡಿಯೋ ಕಾಲ್ ಮಾಡಿದರು. ದೊಡ್ಡವ್ವ ಫೋನು ಕಿತ್ತುಕೊಂಡು, "ರಾಗಿ ಇಟ್ಟು ತೊಳ್ಸಕ್ಕೆ ನೆಲ್ದಲ್ಲಿ ಜಾಗ ಐತಾ ಕೇಳು" ಎಂದು ನನಗೆ ಹೇಳಿ, ಆಕೆಗೆ ಅರ್ಥವಾಗಲೆಂದು ಕೈಯಲ್ಲಿದ್ದ ಮುದ್ದೆ ಕೋಲನ್ನು ಎತ್ತಿ ಝಳಪಿಸಿದರು. ಸಿಕ್ಕ ಮನೆ ಕೈತಪ್ಪಿತು ಅಂದುಕೊಂಡೆ.

ಓನರಮ್ಮ ಬೆಚ್ಚಿಬಿದ್ದರು. ಆಮೇಲೆ ಜೋರಾಗಿ ನಕ್ಕು, ಒಳಗಿನಿಂದ ಅನ್ನ ಕೆದಕುವ ಅಗಲವಾದ ಮರದ ಸೌಟೊಂದನ್ನು ತಂದು, ಅದೇ ಥರ ಎತ್ತಿ ಝಳಪಿಸಿದರು.

ದೊಡ್ಡವ್ವನ ಮುಖ ಅರಳಿತು. "ಬುಡು, ಅಲ್ಲೂ ನಮ್ಮಂಗೆ ಬದುಕು ಮಾಡೋ ಎಂಗಸ್ರೇ ಅವ್ರೆ. ಈ ಕೋಲು ತಕಂಡೋಗು. ನಾಟಿ ಮುಗೀಲಿ, ನಾನೂ ಬತ್ತೀನಿ."

ಖರ್ಚು ಕಡಿಮೆಯಾಗಲೆಂದು ದೇಶ ಬಿಡುತ್ತಿದ್ದೇನೆ. ಮೊದಲ ಖರ್ಚು ದೊಡ್ಡವ್ವನ ಪಾಸ್‌ಪೋರ್ಟು.