ಕೆಂಪು ಲಂಗ ಕಪ್ಪಾದ ಚಿತ್ರ

ಇಸವಿ ೧೯೧೧ ಇರಬೇಕು. ಒಂದು ವರ್ಷ ಆಚೀಚೆಯೂ ಆಗಿರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವಳಲ್ಲ. ಯಾರು ಮೊದಲು ಮಾತಾಡಿದರು, ಯಾರು ಎಲ್ಲಿ ಕೂತಿದ್ದರು ಎಂಬುದು ತಪ್ಪಿರಬಹುದು. ಲಂಗದ ಬಣ್ಣದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಬಿ.ಎ. ಮುಗಿಸಿ, ಚಳ್ಳಕೆರೆಯಲ್ಲಿ ವೈದ್ಯನಾಗಿದ್ದ ಅಣ್ಣನ ಮನೆಗೆ ಬಂದಿದ್ದೆ. ನನ್ನ ಬಳಿ ಗಾಜಿನ ಪ್ಲೇಟಿನ ಕ್ಯಾಮೆರಾ ಇತ್ತು. ಉಳಿಯುವ ಭರವಸೆ ಇಲ್ಲದ ಮಕ್ಕಳ ಮನೆಗೆ ಅಣ್ಣ ನನ್ನನ್ನು ಕಳಿಸುತ್ತಿದ್ದ. ಹಣ ತೆಗೆದುಕೊಳ್ಳದೆ ಚಿತ್ರ ತೆಗೆದು ಕೊಡುತ್ತಿದ್ದೆ. ಹಾಗೆಯೇ ಮೊಳಕಾಲ್ಮುರಿನ ರೇಷ್ಮೆ ನೇಕಾರರೊಬ್ಬರ ಮನೆಗೆ ಗಾಡಿ ಕಟ್ಟಿಸಿಕೊಂಡು ಹೋದೆ. ಅವರ ಮಗಳು ತಿಮ್ಮಿಗೆ ಏಳು ವರ್ಷ, ಕ್ಷಯ.

ಅಂಗಳದಲ್ಲಿ ಬೆಳಕು ಚೆನ್ನಾಗಿತ್ತು. ತಿಮ್ಮಿ ಹೊಸ ಕೆಂಪು ಲಂಗ ಉಟ್ಟು ಅಪ್ಪನ ಎದೆಗೆ ಒರಗಿ ಕೂತಿದ್ದಳು. ನನಗೆ ಕಸಿವಿಸಿಯಾಯಿತು. ಆ ಕಾಲದ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಚ್ಚಿ ಅವನ್ನು ತೊಳೆಯಬಹುದಾಗಿದ್ದದ್ದೂ ಅದರಿಂದಲೇ. ಚಿತ್ರದಲ್ಲಿ ಕೆಂಪು ಬಟ್ಟೆ ಕಪ್ಪಾಗಿ ಮೂಡುತ್ತಿತ್ತು. ಇದನ್ನು ತಂದೆತಾಯಿಗೆ ಬಿಡಿಸಿ ಹೇಳಿ, ತೆಳು ನೀಲಿಯದೇನಾದರೂ ಇದೆಯೇ ಎಂದು ಕೇಳಿದೆ.

ತಾಯಿ ಲಕ್ಷ್ಮಕ್ಕ ಒಳಗಿನಿಂದ ನೀಲಿ ಲಂಗ ತಂದರು. ತಿಮ್ಮಿ ಕೆಂಪು ಲಂಗದ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಅದು ಅಕ್ಕಂದು, ಹಳೇದು. ಇದು ನಂಗೇ ಅಂತ ನಮ್ಮಪ್ಪ ನೇದಿದ್ದು. ಬಿಚ್ಚಲ್ಲ!”

“ಜಂಬ ನೋಡ್ರಿ ಇವಳ್ದು,” ಎಂದು ಅಪ್ಪ ನಕ್ಕರು. “ಮಗ್ಗದ ಮುಂದೆ ಕುಂತು ದಿನಾ ತಗಾದೆ ಮಾಡ್ತಿದ್ಲು, ಆತೇನಪ್ಪ, ಆತೇನಪ್ಪ ಅಂತ.”

ಲಕ್ಷ್ಮಕ್ಕ ನನ್ನ ಹತ್ತಿರ ಬಂದು ಮೆಲ್ಲಗೆ, “ನೀವೇ ಹೇಳ್ರಿ ಅಮ್ಮಾ. ಬಿಚ್ಚಿಸ್ಲಾ?” ಎಂದರು.

“ಬೇಡ, ಇರಲಿ,” ಎಂದೆ.

ಅಲ್ಲಾಡಬೇಡ ಎಂದದ್ದಕ್ಕೆ ತಿಮ್ಮಿ ಕೆಮ್ಮನ್ನೂ ತಡೆದುಕೊಂಡಳು. ಬೆರಳುಗಳು ಮಾತ್ರ ನೆರಿಗೆ ಸವರುತ್ತಲೇ ಇದ್ದವು.

ನಾನು ಚಿತ್ರದ ಪ್ರತಿ ಸಿದ್ಧಮಾಡಿಕೊಂಡು ಮತ್ತೆ ಹೋಗುವಷ್ಟರಲ್ಲಿ ಮಗು ಹೋಗಿತ್ತು. ಆ ಲಂಗವನ್ನೇ ಉಡಿಸಿ ಮಣ್ಣು ಮಾಡಿದ್ದರು. ನಾನು ಮೊದಲ ಸಲ ಬಂದಾಗ ರಾಯದುರ್ಗದ ಮಗಳ ಮನೆಗೆ ಹೋಗಿದ್ದ ಅಜ್ಜಿ ಈಗ ಬಂದಿದ್ದರು. ಕೆಂಪು ಲಂಗವನ್ನು ಅವರು ಕಂಡೇ ಇರಲಿಲ್ಲ. ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ ಸೊಸೆಯ ಕಡೆ ತಿರುಗಿದರು.

“ಕಾಯಿಲೆ ಕೂಸಿಗೆ ಕರೀದು ಉಡಿಸಿ ಕುಂದ್ರಿಸಿದ್ಯಲ್ಲೇ! ಉಳೀತಿತ್ತೇನು ಅದು?”

“ಕೆಂಪೇ ಉಡ್ಸಿದ್ದು ಅತ್ತೆ. ನಿಮ್ ಮಗನ್ನೇ ಕೇಳ್ರಿ.”

“ಅವನು ಹೆಂಡ್ತಿ ಮಾತಿಗೆ ಹೂಂ ಅಂತಾನೆ. ಇಲ್ಲಿ ಕಾಣ್ತಾ ಐತಲ್ಲ ಕಣ್ಣಿಗೆ!”

ಚಿತ್ರಗಳಿಗೆ ಹಚ್ಚುವ ಬಣ್ಣದ ಡಬ್ಬಿ ನನ್ನ ಚೀಲದಲ್ಲಿತ್ತು. ಅಲ್ಲೇ ಕೂತು ಲಂಗದ ಮೇಲೆ ಕೆಂಪು ಹಚ್ಚಿದೆ. ಕಪ್ಪಿನ ಮೇಲೆ ನೀರುಬಣ್ಣ ಏಳಲಿಲ್ಲ. ಒದ್ದೆಯಾಗಿ ಹೊಳೆದು, ಆರಿ, ಮತ್ತೆ ಕಪ್ಪೇ ಆಯಿತು. ಪ್ಲೇಟಿಗೆ ಕೆಂಪು ಕಾಣುವುದಿಲ್ಲ, ತಪ್ಪು ಸೊಸೆಯದಲ್ಲ ಎಂದು ಅಜ್ಜಿಗೆ ಎಷ್ಟೋ ರೀತಿಯಲ್ಲಿ ಹೇಳಿದೆ.

ಅವರು ಕೊನೆಯವರೆಗೂ ಕೇಳಿಸಿಕೊಂಡರು. “ನೋಡಾಕೆ ಬರದ ಕಣ್ಣನ್ನ ಈ ಮನೆಗ್ಯಾಕೆ ತಂದ್ಯವ್ವಾ?” ಎಂದರು.

ಲಕ್ಷ್ಮಕ್ಕ ಚಿತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು.

ಆಮೇಲೆ ಯಾವ ಮನೆಗೆ ಹೋದರೂ ಹಿರಿಯರನ್ನೆಲ್ಲ ಕೂರಿಸಿಕೊಂಡು ಬಣ್ಣದ ಮಾತು ಹೇಳಿಯೇ ಕ್ಯಾಮೆರಾ ಬಿಚ್ಚುತ್ತಿದ್ದೆ. ಕೆಲಸ ಕಲಿಸಿದ್ದು ಅಷ್ಟು. ಉಳಿದದ್ದನ್ನು ಅದು ಕಲಿಸಲಿಲ್ಲ. ಅಂದು ಚಳ್ಳಕೆರೆಗೆ ಮರಳಿ, ರೋಗಿಗಳನ್ನು ಕಳಿಸಿ ಕೈ ತೊಳೆಯುತ್ತಿದ್ದ ಅಣ್ಣನಿಗೆ ಎಲ್ಲವನ್ನೂ ಹೇಳಿ ಒಂದು ಮಾತು ಕೇಳಿದೆ. ಅವನು ಕೈ ತೊಳೆಯುತ್ತಲೇ ಇದ್ದ.

“ಅಣ್ಣಾ, ನೀನಲ್ಲಿದ್ದಿದ್ದರೆ ಆ ಲಂಗ ಬಿಚ್ಚಿಸುತ್ತಿದ್ದೆಯಾ?”