ಹುಲ್ಲು ತುಂಬಿದ ಕರು ಮತ್ತು ತಿಮಿಂಗಿಲದ ಪಟ

ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತಿದಾಗ ಪಕ್ಕದ ಯಜಮಾನರ ತೊಡೆಯ ಮೇಲೆ ಎಮ್ಮೆಕರುವೊಂದು ಮಲಗಿತ್ತು. ಮುಟ್ಟಿದರೆ ಒಳಗೆಲ್ಲ ಹುಲ್ಲು. ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ಒಯ್ಯುತ್ತಿದ್ದರು. ಎದುರಿಗೆ ನಿಲ್ಲಿಸಿದರೆ ತಾಯಿ ಎಮ್ಮೆ ತನ್ನ ಕರುವೆಂದೇ ನಂಬಿ ಸೊರೆ ಬಿಟ್ಟು, ಎಂದರೆ ಕೆಚ್ಚಲಿಗೆ ಹಾಲಿಳಿಸಿ, ಕರೆಯಲು ಕೊಡುತ್ತದಂತೆ. ಸೊಸೆಗೆ ಜ್ವರ ಬಂದು ಎದೆಹಾಲು ಬತ್ತಿದೆ, ಮೊಮ್ಮಗಳಿಗೆ ಈ ಎಮ್ಮೆಯೇ ಗತಿ ಎಂದರು.

ನನ್ನ ಕೈಯಲ್ಲಿ ಹೈಸ್ಕೂಲಿನಲ್ಲಿ ಪಾಠ ಮಾಡಲೆಂದು ಕೊಂಡ ತಿಮಿಂಗಿಲಗಳ ಪಟವಿತ್ತು. ಯಜಮಾನರು ಅದರತ್ತ ಬಗ್ಗಿದರು.

“ಇದೆಂತ ಮೀನ್ರೀ, ಇಷ್ಟು ದೊಡ್ಡದು?”

ನಮ್ಮ ವಂಶಕ್ಕೇ ಮೊದಲ ಬಿ.ಎಸ್ಸಿ. ನಾನು, ಕೇಳಿದ ಮೇಲೆ ಸುಮ್ಮನಿರುವುದುಂಟೆ? ಮೀನಲ್ಲ, ಮರಿ ಹಾಕಿ ಹಾಲೂಡಿಸುವ ಪ್ರಾಣಿ ಎಂದೆ. ನೀಲಿ ತಿಮಿಂಗಿಲಕ್ಕೆ ಹಲ್ಲಿಲ್ಲ, ಬಾಯೊಳಗಿನ ಜಾಲರಿಯಲ್ಲಿ ಸಿಗಡಿಯಂಥ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಹಲ್ಲಿರುವ ಜಾತಿಗಳು ಬೇಟೆಯಾಡುತ್ತವೆ ಎಂದು ವಿವರಿಸಿದೆ.

“ಮರಿ ಸತ್ರೆ ಎಂತ ಮಾಡ್ತವೆ ಮೇಷ್ಟ್ರೇ?”

“ಹಲ್ಲಿನ ಜಾತೀಲಿ ಕೆಲವು ತಾಯಂದಿರು ಸತ್ತ ಮರೀನ ನೀರಿನ ಮೇಲೆ ಎತ್ತಿ ಹಿಡ್ಕೊಂಡೇ ತಿರುಗ್ತವೆ.”

“ಸತ್ತಿದ್ದು ಗೊತ್ತಾಗಲ್ವಾ ಅವಕ್ಕೆ?”

“ಕಡೆಗೊಂದು ದಿನ ಬಿಟ್ಟುಬಿಡ್ತವೆ.”

ಅವರು ಕರುವಿನ ಮಡಿಚಿದ ಕಿವಿಯನ್ನು ನೇರ ಮಾಡಿದರು. “ನಮ್ಮದಕ್ಕೆ ಗೊತ್ತಾಗದೇ ಇರ್ಲಿ” ಎಂದರು.

ಸೊರಬಕ್ಕೆ ಮುಂಚಿನ ಒಂದು ಕ್ರಾಸಿನಲ್ಲಿ ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಯಜಮಾನರು ಇಳಿದ ಮೇಲೆ ನಾನೇ ಕರುವನ್ನು ಅವರ ಕೈಗೆ ಇಳಿಸಿಕೊಟ್ಟೆ. ಅವಳು ಅದರ ಬೆನ್ನಿಗೆ ಮೂಗು ತಾಗಿಸಿದಳು.

“ಮಾವ, ಕರುವಿನ ವಾಸನೆನೇ ಇಲ್ವಲ್ಲ!”

“ನಾತ ಬಂದ್ರೆ ಬಸ್ಸಿಗೆ ಹತ್ತಿಸಲ್ಲ ಅಂತ ಸೋಪು ಹಾಕಿ ತೊಳೆಸ್ದೆ ಕಣಮ್ಮ.”

“ಮೂಸಿದಾಗ ತನ್ನ ಕರುವಿನ ವಾಸನೆ ಸಿಗದೆ ಸೊರೆ ಬಿಡ್ತದಾ ಎಮ್ಮೆ?” ಎಂದಳು. ಯಜಮಾನರು ಕರುವನ್ನು ತಬ್ಬಿಕೊಂಡು ನಿಂತೇ ಇದ್ದರು.